ಹೊಗೆ ಹೋಗುವ ದಾರಿ: ಗವಾಕ್ಷಿಯಿಂದ ಎ.ಸಿ. ಫಿಲ್ಟರ್‌ವರೆಗೆ

ಹೋದ ಬೇಸಿಗೆಯಲ್ಲಿ ಹಳೇಬೀಡಿನ ಹತ್ತಿರದ ಹಳ್ಳಿಯೊಂದರಲ್ಲಿ ಒಂದು ಹೊಸ ಮನೆಗೆ ಹೋಗಿದ್ದೆವು. ಆರ್‌ಸಿಸಿ ಮನೆ, ಗೃಹಪ್ರವೇಶವಾಗಿ ಎರಡು ವರ್ಷ. ಒಂದು ಕೋಣೆಗೆ ಎ.ಸಿ. ಹಾಕಿಸಿದ್ದರು. ಸೆಕೆ ಒಂದೇ ಕಾರಣವಲ್ಲ. ಮನೆಯ ಮೊಮ್ಮಗುವಿಗೆ ಪದೇ ಪದೇ ಕೆಮ್ಮು, ಎದೆಯಲ್ಲಿ ಗೊರಗೊರ. ಅರಸೀಕೆರೆಯ ಅಂಗಡಿಯೊಂದರಲ್ಲಿ ‘ಇದರಲ್ಲಿ ಫಿಲ್ಟರ್ ಇದೆ, ಕೋಣೆ ಗಾಳಿ ಪೂರ್ತಿ ಶುದ್ಧ ಆಗುತ್ತೆ’ ಅಂದರಂತೆ. ಸಾಲ ಮಾಡಿ ತಂದರು. ಕೆಮ್ಮು ಮಾತ್ರ ಹೋಗಲಿಲ್ಲ.

ಆ ಕೋಣೆಯ ಗೋಡೆಯಾಚೆಗೇ ಬಚ್ಚಲುಮನೆ. ಬೆಳಿಗ್ಗೆ ಐದಕ್ಕೆ ಹಂಡೆ ಒಲೆ ಹೊತ್ತಿಸಿದರೆ ಮನೆಯವರೆಲ್ಲರ ಸ್ನಾನ ಮುಗಿಯುವವರೆಗೂ ಹೊಗೆ. ಒಲೆ ಹಚ್ಚುತ್ತಿದ್ದ ಅಜ್ಜಿ ನಮಗೆ ಹೇಳಿದ ಮಾತು ಇದು: “ಹಳೇ ಮನೇಲೂ ಹೊಗೆ ಇತ್ತು ಕಣ್ರಪ್ಪ. ಆದ್ರೆ ಅದು ಹೋಗಕ್ಕೆ ದಾರಿ ಇತ್ತು.”

ಆ ಮಾತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಮನೆಯನ್ನು ಬೆಚ್ಚಗೆ, ತಣ್ಣಗೆ ಇಟ್ಟುಕೊಳ್ಳಲು ನಮ್ಮ ಸೀಮೆಯವರು ಏನೇನು ಮಾಡಿದರು, ಆಗ ಒಳಗಿನ ಗಾಳಿ ಏನಾಯಿತು, ಈಗ ಫಿಲ್ಟರ್ ಬಂದ ಮೇಲೆ ಏನಾಗಿದೆ ಅನ್ನುವುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೂರು ಗುಡಿ, ಮೂರು ರೀತಿಯ ಗಾಳಿ

ಮೊದಲು ನಾವೆಲ್ಲ ಕಣ್ಣಾರೆ ಕಂಡಿರುವ ಕಟ್ಟಡಗಳಿಂದಲೇ ಶುರು ಮಾಡೋಣ. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದ್ದು. ಅದರ ಮುಂದಿನ ನಕ್ಷತ್ರಾಕಾರದ ಮಂಟಪ ಪೂರ್ತಿ ತೆರೆದಿದೆ. ಗಾಳಿ ಯಾವ ಕಡೆಯಿಂದ ಬೇಕಾದರೂ ಬಂದು ಯಾವ ಕಡೆಗೆ ಬೇಕಾದರೂ ಹೋಗಬಹುದು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ಅದರ ನವರಂಗವೂ ತೆರೆದೇ ಇತ್ತು. ಮುಂದೆ ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿ, ಬಾಗಿಲು ಇಟ್ಟು ಮುಚ್ಚಿದರು. ಹಳೇಬೀಡಿನ ಹೊಯ್ಸಳೇಶ್ವರದಲ್ಲೂ ಇಂಥ ಜಾಲಂಧ್ರಗಳಿವೆ. ಬಿಸಿಲಿನ ಝಳ ತಗ್ಗುತ್ತದೆ, ಮಳೆಯ ಎರಚಲು ಕಡಿಮೆಯಾಗುತ್ತದೆ, ಹಕ್ಕಿ ದನ ಒಳಗೆ ಬರುವುದಿಲ್ಲ. ಗಾಳಿ ಮಾತ್ರ ಓಡಾಡುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಗುಡಿಗಳನ್ನು ನೋಡಲು ಬರುವವರು ಮದನಿಕೆಯರ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮುಂದಿನ ಸಲ ಹೋದಾಗ ಜಾಲಂಧ್ರದ ತೂತಿಗೆ ಅಂಗೈ ಹಿಡಿದು ನಿಂತು ನೋಡಿ.

ಜಾಲಂಧ್ರವನ್ನು ಫಿಲ್ಟರ್ ಎಂದು ನಾವು ಹೇಳುತ್ತಿಲ್ಲ. ಅದು ದೂಳನ್ನಾಗಲಿ ಹೊಗೆಯನ್ನಾಗಲಿ ಸೋಸುವುದಿಲ್ಲ. ಕಟ್ಟಡವನ್ನು ಮುಚ್ಚುವಾಗ ಗಾಳಿಗೆ ದಾರಿ ಬಿಟ್ಟೇ ಮುಚ್ಚಬೇಕು ಎಂಬ ಲೆಕ್ಕ ಮಾತ್ರ ಅದರಲ್ಲಿದೆ. ನಮ್ಮ ಹಳೆಯ ಮನೆಗಳಲ್ಲೂ ಇದೇ ಲೆಕ್ಕವಿತ್ತು.

ಹೊಗೆಗೂ ಕೆಲಸವಿದ್ದ ಮನೆ

ಅರಸೀಕೆರೆ ಕಡೆಯ ಬಯಲಿನಲ್ಲಿ ಮಣ್ಣಿನ ಮಾಳಿಗೆ ಮನೆಗಳಿದ್ದವು. ಅಡುಗೆಮನೆಯ ಮೇಲೆ ಗವಾಕ್ಷಿ. ಬಿಸಿ ಹೊಗೆ ಮೇಲಕ್ಕೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು, ಮಳೆ ಬಂದರೆ ಮೇಲೆ ಹತ್ತಿ ಮುಚ್ಚಬೇಕಿತ್ತು. ಬೇಲೂರು ಕಡೆ ಮಲೆನಾಡಿನ ಅಂಚಿನಲ್ಲಿ ಇಳಿಜಾರು ಮಾಡು, ಹುಲ್ಲು ಇಲ್ಲವೇ ನಾಡಹೆಂಚು. 1860ರ ದಶಕದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಿಧಾನವಾಗಿ ಮಂಗಳೂರು ಹೆಂಚು ಎಲ್ಲ ಕಡೆ ಹರಡಿತು. ಹೆಂಚು ಯಾವುದಾದರೂ ಸಂದಿ ಇದ್ದೇ ಇರುತ್ತದೆ. ಬೆಳಿಗ್ಗೆ ಊರಾಚೆ ನಿಂತು ನೋಡಿದರೆ ಮಾಡಿನ ಸಂದಿಗಳಿಂದ ಹೊಗೆ ಏಳುತ್ತಿರುವುದು ಕಾಣುತ್ತಿತ್ತು.

ಆ ಹೊಗೆಯಿಂದ ಉಪಯೋಗವೂ ಇತ್ತು ಅನ್ನುವುದನ್ನು ಮರೆಯಬಾರದು. ತೊಲೆ, ಬಿದಿರು, ಹುಲ್ಲಿನ ಮಾಡಿಗೆ ಹುಳ ಬೀಳದಂತೆ ಹೊಗೆ ಕಾಯುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆಯ ಕಾಳು ಕೆಡದೆ ಉಳಿಯುತ್ತಿತ್ತು. ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಆಗಲು ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಬೇಕು. ಕೆಳಗಿನ ಒಲೆಯ ಕಾವು, ಹೊಗೆ ಎರಡೂ ಅದಕ್ಕೆ ಅನುಕೂಲ. ಸೊಳ್ಳೆಯೂ ಕಡಿಮೆ. ಹಾಗಾಗಿಯೇ ಹೊಗೆಯನ್ನು ಪೂರ್ತಿ ಹೊರಗೆ ಹಾಕಬೇಕು ಎಂದು ಆಗ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಅದಕ್ಕೆ ಬೆಲೆ ತೆತ್ತವರು ಮಾತ್ರ ಹೆಂಗಸರು. ಒಲೆ ನೆಲದ ಮಟ್ಟದಲ್ಲಿತ್ತು, ಕೂತು ಅಡುಗೆ ಮಾಡುತ್ತಿದ್ದರು, ಹೊಗೆಯ ಮೋಡ ತಲೆಯ ಮೇಲಿರುತ್ತಿತ್ತು. ಅಷ್ಟೇ ಸಮಾಧಾನ. ಹಸಿ ಸೌದೆಯಾದರೆ ಊದುಗೊಳವೆ ಹಿಡಿದು ಮುಖವನ್ನು ಒಲೆಯ ಬಾಯಿಗೇ ಕೊಡಬೇಕು. ಕೆಂಪಾದ ಕಣ್ಣು, ಬಿಡದ ಕೆಮ್ಮು, ವಯಸ್ಸಾದ ಮೇಲೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ‘ಹಳೇ ಕಾಲದವರು ಗಟ್ಟಿ’ ಅನ್ನುವಾಗ ಅಡುಗೆಮನೆಯ ಈ ಅಜ್ಜಿಯರನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನೆಯನ್ನು ಬೆಚ್ಚಗಿಡುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಉಳಿದಿರುವುದು ಬಾಣಂತಿ ಕೋಣೆಯಲ್ಲಿ. ಗಾಳಿ ತಾಗಬಾರದು ಎಂದು ಕಿಟಕಿಗೆ ಬಟ್ಟೆ ತುರುಕಿ, ಮೂಲೆಯಲ್ಲೋ ಮಂಚದ ಕೆಳಗೋ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ. ಮಗುವಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ. ತಾಯಿ, ಕೂಸು ತಣ್ಣಗಾಗಬಾರದು ಎಂಬ ಕಾಳಜಿ ಸರಿಯಾದದ್ದೇ. ಆದರೆ ಹುಟ್ಟಿ ಹತ್ತು ದಿನವಾದ ಕೂಸಿನ ಶ್ವಾಸಕೋಶಕ್ಕೆ ಇಡೀ ಮನೆಯಲ್ಲಿ ಅತ್ಯಂತ ಕೆಟ್ಟ ಗಾಳಿ ಸಿಗುವುದು ಆ ಕೋಣೆಯಲ್ಲೇ.

ಪ್ಲೇಗು ತೆಗೆಸಿದ ಕಿಟಕಿ

ಮನೆಯೊಳಗಿನ ಗಾಳಿಯ ಬಗ್ಗೆ ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ ತಲೆ ಕೆಡಿಸಿಕೊಂಡದ್ದು 1898ರಲ್ಲಿ ಪ್ಲೇಗು ಬಂದಾಗ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂಬುದು ಆಗ ಇನ್ನೂ ಇತ್ಯರ್ಥವಾಗಿರಲಿಲ್ಲ. ಕತ್ತಲು, ಕೊಳಕು, ಉಸಿರುಗಟ್ಟುವ ಮನೆಗಳೇ ಕಾರಣ ಎಂಬ ನಂಬಿಕೆ ಬಲವಾಗಿತ್ತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಗಾಳಿ ಬೆಳಕಿನ ಮನೆಗಳ ಲೆಕ್ಕದಲ್ಲಿ ಎದ್ದು ನಿಂತವು. ರೋಗದ ಕಾರಣ ತಪ್ಪಾಗಿ ತಿಳಿದಿದ್ದರೂ ಕಿಟಕಿ ಬೇಕು ಅನ್ನುವ ಪಾಠ ಸರಿಯಾಗಿತ್ತು. ಆದರೆ ಆ ಪಾಠ ಮಲಗುವ ಕೋಣೆ, ಹಜಾರಗಳಿಗೆ ಬಂದಷ್ಟು ಬೇಗ ಅಡುಗೆಮನೆಗೆ ಬರಲಿಲ್ಲ.

ಕುಣಿಗಲ್‌ನಿಂದ ಬಂದ ಒಲೆ

ಅಡುಗೆಮನೆಯ ಕಡೆ ವಿಜ್ಞಾನ ತಿರುಗಿ ನೋಡಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಬರುವುದು ಸೌದೆಯಿಂದ, ಅದು ಉರಿಯುವುದು ಅಡುಗೆಗೆ ಮತ್ತು ಸ್ನಾನದ ನೀರಿಗೆ ಎಂದು ಗೊತ್ತಾಯಿತು.

1980ರ ದಶಕದ ಶುರುವಿನಲ್ಲಿ ಅವರು ರೂಪಿಸಿದ್ದೇ ‘ಅಸ್ತ್ರ ಒಲೆ’. ಸಾಲಾಗಿ ಮೂರು ಪಾತ್ರೆ ಕೂರುವ ಮುಚ್ಚಿದ ಒಲೆ. ಒಳಗೆ ಉರಿಗೆ ಗಾಳಿಯಾಡಲು ಜಾಲರಿ, ಕೊನೆಯಲ್ಲಿ ಮಾಡು ದಾಟಿ ಹೋಗುವ ಹೊಗೆಕೊಳವೆ. ಬಿಸಿ ಹೊಗೆ ಕೊಳವೆಯಲ್ಲಿ ಮೇಲೇರುವಾಗ ಒಲೆಯ ಬಾಯಿಂದ ಹೊಸ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಊದುಗೊಳವೆ ಬೇಡ, ಸೌದೆ ಉಳಿತಾಯ, ಅಡುಗೆಮನೆಯ ಗೋಡೆಗೆ ಮಸಿ ಇಲ್ಲ.

ಹೊಗೆಯನ್ನು ಅಳೆಯುವ ಕೆಲಸವೂ ಅದೇ ಹೊತ್ತಿಗೆ ಶುರುವಾಯಿತು. 1981ರಲ್ಲಿ ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಭಾರತೀಯ ಸಂಗಡಿಗರ ಜೊತೆ ಗುಜರಾತಿನ ನಾಲ್ಕು ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುವ ಹೆಂಗಸರ ಮೈಗೇ ಸಣ್ಣ ಯಂತ್ರ ಕಟ್ಟಿ ಅವರು ಉಸಿರಾಡುವ ಗಾಳಿಯನ್ನು ಅಳೆದರು. ದೊಡ್ಡ ನಗರಗಳ ಕೊಳಕು ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು ಕಣಗಳು ಒಲೆಯ ಮುಂದಿದ್ದವು. ಗಾಳಿ ಕೆಡುವುದು ಪಟ್ಟಣದಲ್ಲಿ, ಹಳ್ಳಿಯ ಗಾಳಿ ಶುದ್ಧ ಎಂಬ ಮಾತು ಅಡುಗೆಮನೆಯ ಹೊಸಿಲಿನ ಆಚೆಗೆ ಮಾತ್ರ ನಿಜ ಎಂದು ಜಗತ್ತಿಗೆ ತಿಳಿಯಿತು.

ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದಿತು. ಅದು ನಿಂತ 2002ರ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿದ ಲೆಕ್ಕ ಇತ್ತು. ಈಗ ಅವುಗಳಲ್ಲಿ ಎಷ್ಟು ಉರಿಯುತ್ತಿವೆ? ನಮ್ಮ ಕಡೆ ಹಳೆಯ ಅಡುಗೆಮನೆಗಳ ಮಾಡಿನ ಮೇಲೆ ಟೋಪಿ ಬಿದ್ದುಹೋದ ಸಿಮೆಂಟ್ ಕೊಳವೆ ಒಂಟಿಯಾಗಿ ನಿಂತಿರುವುದು ಕಂಡರೆ ಆ ಕಾಲದ ಗುರುತು ಅಂದುಕೊಳ್ಳಬಹುದು.

ಒಲೆ ಕಟ್ಟಿದವರು ಆ ಮೇಲೆ ಬರಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿತು, ಯಾರೂ ತೆಗೆಯಲಿಲ್ಲ. ಕೊಳವೆ ಕಟ್ಟಿಕೊಂಡರೆ ಹೊಗೆ ಹಿಂದಕ್ಕೇ ಬರುತ್ತದೆ. ಪಾತ್ರೆ ಒಲೆಯ ಕಣ್ಣಿನ ಅಳತೆಗೆ ಕೂರದಿದ್ದರೆ ಸಂದಿಯಿಂದ ಹೊಗೆ. ಒಡಿಶಾದಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಕೊಳವೆ ಒಲೆ ಹಾಕಿದ ಸುಮಾರು 2600 ಮನೆಗಳ ಜಾಡು ಹಿಡಿದು ವರ್ಷಗಟ್ಟಲೆ ನೋಡಿದರು. ಮೊದಲ ವರ್ಷ ಹೆಂಗಸರು ಕುಡಿಯುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಉಳಿಯಲಿಲ್ಲ. ಒಲೆ ರಿಪೇರಿ ಮಾಡುವವರಿಲ್ಲ, ಬಳಸುವುದೂ ಕಡಿಮೆಯಾಯಿತು. ಈ ಪಾಠ ಸ್ವಲ್ಪ ನೆನಪಿನಲ್ಲಿರಲಿ. ಎ.ಸಿ. ಫಿಲ್ಟರ್‌ನ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಗ್ಯಾಸ್ ಬಂತು, ಗವಾಕ್ಷಿ ಹೋಯಿತು

2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಯಿತು. ರಾಜ್ಯದಲ್ಲಿ ಮುಖ್ಯಮಂತ್ರಿ ಅನಿಲ ಭಾಗ್ಯವೂ ಬಂತು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಮನೆಗಳು ಅಡುಗೆಗೆ ಹೊಗೆಯಿಲ್ಲದ ಇಂಧನ ಬಳಸುತ್ತವೆ. ಇದು ಸಣ್ಣ ಸಾಧನೆಯಲ್ಲ. ಮುದ್ದೆಯ ಎಸರು ಸ್ಟೌ ಮೇಲೆ ಕುದಿಯುವುದನ್ನು ನಮ್ಮ ಅಜ್ಜಿಯರು ಕನಸಲ್ಲೂ ಕಂಡಿರಲಿಲ್ಲ.

ಆದರೆ ಆ ಸಮೀಕ್ಷೆ ಕೇಳುವುದು ಅಡುಗೆಗೆ ಮುಖ್ಯವಾಗಿ ಏನು ಉರಿಸುತ್ತೀರಿ ಎಂದು. ಬಚ್ಚಲ ಒಲೆ ಆ ಲೆಕ್ಕಕ್ಕೆ ಬರುವುದಿಲ್ಲ. ಅರಸೀಕೆರೆ ಕಡೆ ತೆಂಗಿನ ಮಟ್ಟೆ, ಗರಿ, ಕರಟ ಬಿಟ್ಟಿ ಸಿಗುತ್ತದೆ. ಬೇಲೂರು ಕಡೆ ಕಾಫಿ ತೋಟದಲ್ಲಿ ಮರಗಸಿ ಮಾಡಿದಾಗ ಬಿದ್ದ ಸೌದೆ ಇರುತ್ತದೆ. ಹಳೇಬೀಡಿನ ಬಯಲಲ್ಲಿ ಮುಸುಕಿನ ಜೋಳದ ಕಾಳು ಬಿಡಿಸಿ ಉಳಿದ ತೆನೆ ರಾಶಿ ಬಿದ್ದಿರುತ್ತದೆ. ಇಷ್ಟೆಲ್ಲ ಇರುವಾಗ ನೀರು ಕಾಯಿಸಲು ಸಿಲಿಂಡರ್ ಖರ್ಚು ಮಾಡುವವರು ಯಾರು? ಹಂಡೆ ಒಲೆ ಹಾಗೇ ಉಳಿಯಿತು. ಬೇಗ ಹೊತ್ತಲಿ ಎಂದು ಹಾಲಿನ ಕವರು, ಪ್ಲಾಸ್ಟಿಕ್ ಚೀಲ ಅದರೊಳಗೆ ಹೋಗಲು ಶುರುವಾಯಿತು. ಹಳೆಯ ಕಾಲದ ಹೊಗೆಯಲ್ಲಿ ಈ ವಿಷ ಇರಲಿಲ್ಲ.

ಒಲೆ ಉಳಿದರೂ ಮನೆ ಬದಲಾಯಿತು. ಮಾಳಿಗೆ, ಹೆಂಚು ಹೋಗಿ ಆರ್‌ಸಿಸಿ ಬಂತು. ಸಂದಿಯಿಲ್ಲ, ಗವಾಕ್ಷಿಯಿಲ್ಲ, ಅಟ್ಟವಿಲ್ಲ. ಕಿಟಕಿಗೆ ಗಾಜು, ಮೇಲೆ ವೆಂಟಿಲೇಟರ್ ಇದ್ದರೂ ಸೊಳ್ಳೆ ಬರುತ್ತದೆ ಎಂದು ರಟ್ಟು ಹೊಡೆದಿರುತ್ತಾರೆ. ಬಚ್ಚಲು ಮೊದಲು ಹಿತ್ತಲಲ್ಲಿತ್ತು, ಈಗ ಮನೆಯೊಳಗೇ ಬಂದಿದೆ. ಒಳಗೆ ಸೊಳ್ಳೆಬತ್ತಿ ಬೇರೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಬಿಡುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಕೊಟ್ಟಿತ್ತು. ಇಷ್ಟೆಲ್ಲವನ್ನೂ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಇಟ್ಟುಕೊಂಡು ಮಲಗುತ್ತೇವೆ.

ಫಿಲ್ಟರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಎ.ಸಿ. ಹುಟ್ಟಿದ್ದು ಮನುಷ್ಯರ ಉಸಿರಿಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣ ಆಚೀಚೆ ಆಗುತ್ತಿತ್ತು. ಅದನ್ನು ಸರಿಮಾಡಲು ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಯಂತ್ರ ರೂಪಿಸಿದ. ಅದು ಮನೆಗಳಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ.

ನಮ್ಮ ಮನೆಗಳಿಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಅಲ್ಲಿಗೇ ಬಿಡುತ್ತದೆ. ಅದರ ಮುಚ್ಚಳ ಎತ್ತಿದರೆ ಕಾಣುವ ಪ್ಲಾಸ್ಟಿಕ್ ಬಲೆಯೇ ಫಿಲ್ಟರ್. ಅದನ್ನು ನಮ್ಮ ಜರಡಿಗೆ ಹೋಲಿಸಬಹುದು. ರಾಗಿ ಹಿಟ್ಟು ಜರಡಿ ಹಿಡಿದರೆ ಹೊಟ್ಟು ಮೇಲೆ ನಿಲ್ಲುತ್ತದೆ, ಹಿಟ್ಟು ಕೆಳಗಿಳಿಯುತ್ತದೆ. ಎ.ಸಿ. ಬಲೆಯಲ್ಲಿ ಕೂದಲು, ಹತ್ತಿಯ ಎಳೆ, ದಪ್ಪ ದೂಳು ನಿಲ್ಲುತ್ತವೆ. ಸೌದೆ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ ಸಣ್ಣವು. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 50ರಿಂದ 70 ಮೈಕ್ರಾನ್. ಆ ಬಲೆ ಮುಖ್ಯವಾಗಿ ಇರುವುದು ಒಳಗಿನ ಕಾಯಿಲ್‌ಗೆ ದೂಳು ಹಿಡಿಯದಂತೆ ಕಾಯಲು.

ಹೊಗೆಯ ಕಣಗಳನ್ನೂ ಹಿಡಿಯುವ ಫಿಲ್ಟರ್ ಇದೆ. ಅದರ ಹೆಸರು ಹೆಪಾ. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ದೂಳು ಹಿಡಿಯಲು ರೂಪಿಸಿದ್ದು. 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ನ್ನು ಹಿಡಿಯಬೇಕು ಎಂಬುದು ಅದರ ಅಳತೆ. ಏರ್ ಪ್ಯೂರಿಫೈಯರ್‌ಗಳಲ್ಲಿ ಇದು ಇರುತ್ತದೆ. ಇದನ್ನು ತೊಳೆಯುವಂತಿಲ್ಲ, ಕಟ್ಟಿಕೊಂಡ ಮೇಲೆ ದುಡ್ಡು ಕೊಟ್ಟು ಬದಲಾಯಿಸಬೇಕು. ಪಕ್ಕದಲ್ಲೇ ಒಲೆ ಹೊಗೆಯಾಡುತ್ತಿದ್ದರೆ ಅದೂ ಎಷ್ಟು ದಿನ ತಾಳೀತು?

ಏರ್ ಕೂಲರ್‌ನ ರೀತಿ ಬೇರೆ. ಅದು ಒದ್ದೆ ಪ್ಯಾಡ್ ಮೂಲಕ ಗಾಳಿ ಎಳೆಯುತ್ತದೆ. ಕಿಟಕಿ ಹತ್ತಿರ ಇಟ್ಟು, ಎದುರಿನ ಕಿಟಕಿ ತೆರೆದಿಟ್ಟರೆ ಹೊರಗಿನ ಗಾಳಿ ಒಳಗೆ ಬಂದು ಒಳಗಿನದು ಹೊರಗೆ ಹೋಗುತ್ತದೆ. ಈ ಮಟ್ಟಿಗೆ ಅದು ಜಾಲಂಧ್ರದ ಜಾತಿ. ಆದರೆ ತೊಟ್ಟಿಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ, ಪ್ಯಾಡ್‌ಗೆ ಬೂಷ್ಟು ಹಿಡಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಎಲ್ಲ ಫಿಲ್ಟರ್‌ಗಳೂ ಸೋಲುತ್ತವೆ. ಕೆಂಡದಿಂದ, ಸರಿಯಾಗಿ ಉರಿಯದ ಗ್ಯಾಸ್‌ನಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಣವಲ್ಲ, ಅನಿಲ. ಎ.ಸಿ. ಬಲೆಯಿಂದಲೂ ಹೆಪಾದಿಂದಲೂ ಸಲೀಸಾಗಿ ದಾಟಿ ಬರುತ್ತದೆ. ಚಳಿಗೆ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿ ಮಲಗಿದವರು, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು ಏಳದೇ ಹೋದ ಸುದ್ದಿಯನ್ನು ನೀವೂ ಓದಿರುತ್ತೀರಿ. ಅದಕ್ಕೆ ಮದ್ದು ಗಾಳಿಯ ದಾರಿ ಒಂದೇ.

ಹೊಸ ಮನೆಯಲ್ಲಿ ಹಳೆಯ ಲೆಕ್ಕ

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಈ ಹೊಗೆಯಲ್ಲಿ ಬೆಳೆಯುವ ಸಣ್ಣ ಮಕ್ಕಳಿಗೆ ನ್ಯುಮೋನಿಯಾದಂಥ ಎದೆರೋಗದ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ ಎನ್ನುತ್ತದೆ ಅದು. ಹಳೇಬೀಡಿನ ಹತ್ತಿರದ ಆ ಮನೆಯ ಮಗುವಿಗೆ ಏನಾಗಿದೆ ಎಂದು ಹೇಳಬೇಕಾದವರು ವೈದ್ಯರು, ನಾವಲ್ಲ. ಆದರೆ ಎ.ಸಿ.ಗೆ ಮೊದಲು ಆಗಬೇಕಿದ್ದ ಕೆಲಸ ಯಾವುದು ಎಂದು ಇಷ್ಟು ಚರಿತ್ರೆ ನೋಡಿದ ಮೇಲೆ ಹೇಳಬಹುದು.

ಬಚ್ಚಲ ಒಲೆಯನ್ನು ಮನೆಯಿಂದ ಹೊರಗೆ, ಹಿತ್ತಲಿಗೆ ಸಾಗಿಸಬೇಕು. ಆಗದಿದ್ದರೆ ಮಾಡಿಗಿಂತ ಎತ್ತರದ ಕೊಳವೆ ಹಾಕಿಸಿ, ತಿಂಗಳಿಗೊಮ್ಮೆ ಮಸಿ ತೆಗೆಯಬೇಕು. ಒಣ ಸೌದೆ ಮಾತ್ರ, ಪ್ಲಾಸ್ಟಿಕ್ ಬೇಡವೇ ಬೇಡ. ವೆಂಟಿಲೇಟರ್‌ಗೆ ಹೊಡೆದ ರಟ್ಟು ಕಿತ್ತು ಸೊಳ್ಳೆಜಾಲರಿ ಹಾಕಬೇಕು. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಎಳೆದುಕೊಳ್ಳಲು ಎದುರಿಗೆ ಒಂದು ಕಿಟಕಿ ತೆರೆದಿರಬೇಕು. ಬಾಣಂತಿ ಕೋಣೆಯಲ್ಲಿ ಕೆಂಡ ಬೇಡ. ಕೂಸನ್ನು ತಾಯಿಯ ಎದೆಗೆ ಒತ್ತಿ ಬಟ್ಟೆ ಹೊದಿಸಿದರೆ ಸಾಕಷ್ಟು ಬೆಚ್ಚಗಿರುತ್ತದೆ.

ಎ.ಸಿ. ಇದ್ದವರು ಎರಡು ವಾರಕ್ಕೊಮ್ಮೆ ಬಲೆಯನ್ನು ಬಿಚ್ಚಿ, ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಬೇಕು. ಕಟ್ಟಿಕೊಂಡ ಬಲೆಯಿಂದ ತಂಪು ಕಡಿಮೆ, ಕರೆಂಟ್ ಬಿಲ್ಲು ಜಾಸ್ತಿ, ಒಳಗೆ ಬೂಷ್ಟಿನ ವಾಸನೆ. ಕೊಳವೆ ಒಲೆಗೆ ಆದದ್ದೇ ಇದಕ್ಕೂ ಆಗುತ್ತದೆ. ದಿನಕ್ಕೆ ಎರಡು ಹೊತ್ತಾದರೂ ಎ.ಸಿ. ಆರಿಸಿ ಕಿಟಕಿ ತೆರೆಯಬೇಕು. ಅಕ್ಕಪಕ್ಕದಲ್ಲಿ ಒಲೆ ಉರಿಯದ ಹೊತ್ತು ನೋಡಿ ತೆರೆಯಿರಿ.

ನಾವು ಹೊರಡುವಾಗ ಆ ಮನೆಯ ಯಜಮಾನರು ಎ.ಸಿ. ಮುಚ್ಚಳ ಎತ್ತಿ ಬಲೆ ತೆಗೆದರು. ಹಾಕಿಸಿದ ಮೇಲೆ ಅದು ಹೊರಗೆ ಬಂದದ್ದು ಅದೇ ಮೊದಲಂತೆ. ಕಂಬಳಿಯ ಹಾಗೆ ದೂಳು ಹತ್ತಿತ್ತು. ಅದನ್ನು ತೊಳೆಯಲು ಹಿತ್ತಲ ನಲ್ಲಿಗೆ ಒಯ್ದವರು, ಅಲ್ಲೇ ನಿಂತು ಗೋಡೆಯ ಪಕ್ಕದ ಜಾಗವನ್ನು ಅಳೆಯತೊಡಗಿದರು. ಹಂಡೆ ಅಲ್ಲಿಗೆ ಹೋದರೆ ಮಳೆಗಾಲಕ್ಕೆ ಮೇಲೆ ಎಷ್ಟು ಶೀಟು ಬೇಕಾಗುತ್ತದೆ ಎಂದು ಅಜ್ಜಿಯನ್ನು ಕೇಳುತ್ತಿದ್ದರು.